ಬೀಗಿತ್ತಿಯ ಕಸರತ್ತು

ಹೆಡ್‌ಕ್ಲರ್ಕ್ ಸೊಂಟ ಮುರಿದುಕೊಂಡ ಮೇಲೆ ಆ ಮನೆಗೆ ಎರಡು ಬಣ್ಣದ ಹಾಲಿನ ಪ್ಯಾಕೆಟ್ಟುಗಳು ಬರತೊಡಗಿದವು. ಹಸಿರಿನದು ಎಲ್ಲರ ಕಾಫಿಗೆ. ನೀಲಿಯದು ಗಟ್ಟಿ ಹಾಲು, ಹೆಡ್‌ಕ್ಲರ್ಕಿಗೆ ಮಾತ್ರ. ಎರಡನ್ನೂ ಕಾಯಿಸುವವಳು ಕಾಜಮ್ಮ. ನೀಲಿ ಹಾಲಿನ ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಎತ್ತಿ, ಒಲೆಯ ಕಡೆ ಮುಖ ಮಾಡಿಕೊಂಡು ಬಾಯಿಗೆ ಹಾಕಿಕೊಳ್ಳುವವಳೂ ಅವಳೇ. ಹೆಡ್‌ಕ್ಲರ್ಕಿಗೆ ಕೆನೆ ಕೊಡಬೇಡಿ ಎಂದು ಡಾಕ್ಟರೇ ಹೇಳಿದ್ದರು. ಹಾಗಾಗಿ ಅದು ಕಳ್ಳತನವಲ್ಲ, ಶುಶ್ರೂಷೆ.

ಇಬ್ಬರೂ ಬೀಗಿತ್ತಿಯರು. ಕಾಜಮ್ಮ ಮನೆಯ ಯಜಮಾನನ ತಾಯಿ, ಹೆಡ್‌ಕ್ಲರ್ಕ್ ಅವನ ಹೆಂಡತಿಯ ತಾಯಿ. ವಯಸ್ಸು ಹೆಚ್ಚುಕಡಿಮೆ ಒಂದೇ. ಕಾಜಮ್ಮ ಶರ್ಟಿನ ಫ್ಯಾಕ್ಟರಿಯಲ್ಲಿ ಕಾಜಾ ಮೆಷಿನ್ನಿನ ಮುಂದೆ, ಗುಂಡಿ ಹಾಯುವ ತೂತುಗಳಿಗೆ ಅಂಚು ಕಟ್ಟುತ್ತಾ ಜೀವಮಾನ ಕಳೆದವಳು. ಫ್ಯಾಕ್ಟರಿ ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಅಲ್ಲಿಂದ ಅವಳಿಗೆ ಉಳಿದದ್ದು ಆ ಹೆಸರು ಮತ್ತು ಪೆಡಲ್ ತುಳಿದು ತುಳಿದು ಸವೆದ ಬಲಮಂಡಿ. ಹೆಡ್‌ಕ್ಲರ್ಕ್ ನೀರು ಸರಬರಾಜಿನ ಕಚೇರಿಯಿಂದ ನಿವೃತ್ತಳಾದವಳು. ಅವಳಿಗೆ ಪೆನ್ಷನ್ ಇತ್ತು, ಆಸ್ಪತ್ರೆಯಲ್ಲಿ ತೋರಿಸಿದರೆ ನರ್ಸುಗಳು ಕುರ್ಚಿ ಎಳೆದು ಕೊಡುವಂಥ ಒಂದು ಕಾರ್ಡ್ ಇತ್ತು, ಮನೆ ಬಾಡಿಗೆಯ ಅರ್ಧ ಅವಳದೇ ಆದ್ದರಿಂದ ಕಿಟಕಿಯಿರುವ ಕೋಣೆಯೂ ಅವಳದೇ. ಕಾಜಮ್ಮನ ಮಂಚ ಮುಂದಿನ ಕೋಣೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ.

ಹೆಡ್‌ಕ್ಲರ್ಕ್ ಬಿದ್ದದ್ದು ಸ್ಟೂಲಿನ ಮೇಲಿಂದ. ಅಟ್ಟದಿಂದ ಒಂದು ಸೂಟ್‌ಕೇಸ್ ಇಳಿಸಲು ಹೋಗಿದ್ದಳು. ಕಾಜಮ್ಮನ ಕೈಗೆ ಸಿಗಬಾರದೆಂದು ತಾನೇ ಅಷ್ಟು ಮೇಲೆ ಇಡಿಸಿದ್ದ ಸೂಟ್‌ಕೇಸ್ ಅದು.

ಆಪರೇಷನ್ ಆಗಿ ಮನೆಗೆ ಬಂದ ವಾರವೇ, ದಿನ ಬಿಟ್ಟು ದಿನ ಕಸರತ್ತು ಮಾಡಿಸಲು ಒಬ್ಬ ಹುಡುಗಿ ಬರತೊಡಗಿದಳು. ಫಿಸಿಯೋಥೆರಪಿಸ್ಟ್ ಎನ್ನುವುದಕ್ಕೆ ಕಾಜಮ್ಮನ ನಾಲಿಗೆ ಹೊರಳಲಿಲ್ಲ. ‘ಕಸರತ್ತಿನ ಹುಡುಗಿ’ ಎಂದಳು. ಆಮೇಲೆ ಎಲ್ಲರೂ ಹಾಗೇ ಕರೆದರು. ಮೂರು ಮಹಡಿ ಹತ್ತಿ ಬಂದರೂ ಏದುಸಿರು ಬಿಡದ ಹುಡುಗಿ. ಡ್ರಿಲ್ ಟೀಚರಿನ ದನಿ.

“ಈ ಬಿಲ್ಡಿಂಗ್‌ಗೆ ಲಿಫ್ಟ್ ಇಲ್ವಾ ಅಜ್ಜಿ?”

“ನನ್ನ ಮಗ ಲಿಫ್ಟ್ ರಿಪೇರಿ ಮಾಡೋನು. ಊರೋರ್ನೆಲ್ಲ ಮೇಲಕ್ಕೆ ಹತ್ತಿಸ್ತಾನೆ, ನಾವು ಮಾತ್ರ ಮೆಟ್ಲು,” ಎಂದಳು ಕಾಜಮ್ಮ. ಆಮೇಲೆ ಬಾಗಿಲಿಗೆ ಅಡ್ಡ ನಿಂತು, ದನಿ ತಗ್ಗಿಸಿ, “ಹಾಗೇ ನನ್ನ ಮಂಡಿನೂ ಒಂದ್ಚೂರು ನೋಡ್ತೀಯೇನಮ್ಮ? ಕೂತ್ರೆ ಏಳೋಕಾಗಲ್ಲ...”

ಹುಡುಗಿ ಬಗ್ಗಿದಳು. ಒಳಗಿನಿಂದ ದನಿ ಬಂತು.

“ರೀ ಬೀಗ್ತಿ, ಅವಳ ಟೈಮು ನನ್ನದು. ನಿಮ್ಮ ಮಗನಿಗೆ ಹೇಳಿ, ನಿಮಗೂ ಒಬ್ಬಳನ್ನ ಕರೆಸ್ಲಿ.”

ಹುಡುಗಿ ಮುಜುಗರದಿಂದ ನಕ್ಕು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕಾಜಮ್ಮ ಅಡುಗೆಮನೆಗೆ ಬಂದು ಹುರುಳಿಕಾಯಿ ಮುರಿಯಲು ಕೂತಳು. ಎಳೆಯದೂ ಬಲಿತದ್ದೂ ನೋಡದೆ ಮುರಿದಳು. ಅಂದಿನ ಪಲ್ಯದಲ್ಲಿ ಎಲ್ಲರ ಬಾಯಿಗೂ ನಾರು ಸಿಕ್ಕಿತು.

ಆ ಪಲ್ಯ ಅಗಿಯುತ್ತಲೇ ಸೊಸೆ ಮಾತು ತೆಗೆದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳು, ಸುತ್ತಿ ಬಳಸಿ ಮಾತಾಡುವಷ್ಟು ತ್ರಾಣ ಉಳಿದಿರಲಿಲ್ಲ.

“ಅಮ್ಮಂಗೆ ಒಬ್ಬಳು ಆಯಾ ಇಟ್ಕೊಳ್ಳೋಣ ಅಂತಿದೀವಿ ಅತ್ತೆ. ಮನೇಲೇ ಇರ್ತಾಳೆ. ಸಂಬಳ ಅಮ್ಮನ ಪೆನ್ಷನ್ನಿಂದಾನೇ.”

“ಇಟ್ಕೊಳ್ಳಿ. ಮಲಗೋದೆಲ್ಲಿ?”

ಮೊಮ್ಮಗಳು ಚಪ್ಪಲಿ ಸ್ಟ್ಯಾಂಡಿನ ಕಡೆ ನೋಡಿದಳು. ಒಂಬತ್ತನೇ ಕ್ಲಾಸಿನ ಆ ಹುಡುಗಿಗೆ ನೋಟ ಬಚ್ಚಿಡುವುದು ಇನ್ನೂ ಬರುತ್ತಿರಲಿಲ್ಲ.

“ಅತ್ತೆ ರೂಮಲ್ಲೇ ಮಲಗಬಹುದಿತ್ತು,” ಎಂದ ಮಗ.

“ಗೊತ್ತುಗುರಿ ಇಲ್ದೋರ ಗೊರಕೆ ಕೇಳ್ಕೊಂಡು ಮಲಗೋಳಲ್ಲ ನಾನು!” ಎಂದಳು ಹೆಡ್‌ಕ್ಲರ್ಕ್ ಒಳಗಿನಿಂದ. ಸೊಂಟ ಮುರಿದಿದ್ದರೂ ಕಿವಿ ನೆಟ್ಟಗಿತ್ತು.

“ಹಾಗಾಗಿ ಅಮ್ಮ, ನೀನು ಸ್ವಲ್ಪ ದಿನ ಅಕ್ಕನ ಮನೇಲಿ...”

“ಸ್ವಲ್ಪ ದಿನ ಅಂದ್ರೆ?”

“ಸ್ವಲ್ಪ ದಿನ ಅಷ್ಟೇ.”

ಮಗಳ ಮನೆಯೆಂದರೆ ಒಂದೇ ಕೋಣೆ. ಬಾಗಿಲು ತೆರೆದರೆ ಒಲೆ, ಮುಚ್ಚಿದರೆ ಹಾಸಿಗೆ. ಅಲ್ಲಿ ಆಗಲೇ ಅವಳ ಅತ್ತೆಯೊಬ್ಬಳು ಗೋಡೆಗೆ ಒರಗಿಕೊಂಡು ಕೂತಿದ್ದಳು. ಅಲ್ಲಿಗೆ ಸ್ವಲ್ಪ ದಿನಕ್ಕೆ ಹೋದ ಮಂಚ ವಾಪಸ್ ಬರುವುದಿಲ್ಲವೆಂದು ಕಾಜಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಆಯಾ ಯಾಕೆ? ನಾನೇ ನೋಡ್ಕೋತೀನಿ.”

“ನಿಮ್ಮ ಮಂಡಿ ಅತ್ತೆ? ನೆಲ ಒರೆಸೋಕೆ ಕೂತ್ರೆ ಏಳೋಕೆ ನನ್ನನ್ನ ಕೂಗ್ತೀರಿ. ನಾಳೆ ಅಮ್ಮನ್ನ ಎತ್ತೋಕೆ ಹೋಗಿ ಇಬ್ರೂ ಬಿದ್ರೆ ನಾನು ಯಾರನ್ನಂತ ಎತ್ಲಿ?”

ತಪ್ಪು ಮಾತಲ್ಲ. ಅದಕ್ಕೇ ಕಾಜಮ್ಮನಿಗೆ ಮೈಯೆಲ್ಲ ಉರಿಯಿತು.

“ಡಾಕ್ಟರು ಮತ್ತೆ ತೋರಿಸೋಕೆ ಕರೆದಿದಾರಲ್ಲ, ಅಲ್ಲೀವರೆಗೆ ನೋಡೋಣ,” ಎಂದು ಮಗ ಮಜ್ಜಿಗೆ ಬಡಿಸಿಕೊಂಡ. ಮಜ್ಜಿಗೆ ಬಡಿಸಿಕೊಂಡರೆ ಅವನ ಮಟ್ಟಿಗೆ ಮಾತು ಮುಗಿಯಿತೆಂದು ಲೆಕ್ಕ.

ಮಾರನೆಯ ದಿನದಿಂದ ಕಾಜಮ್ಮ ಆಯಾಳ ಕೆಲಸಕ್ಕೆ ತಾನೇ ನಿಂತಳು. ಬೆಡ್‌ಪ್ಯಾನ್ ಇಟ್ಟಳು, ತೆಗೆದಳು, ತೊಳೆದಳು. ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದಳು. ಕಾಲು ಒರೆಸುವಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು. ಹೆಡ್‌ಕ್ಲರ್ಕಿನ ಹಿಮ್ಮಡಿಯಲ್ಲಿ ಒಂದು ಗೆರೆ ಇರಲಿಲ್ಲ. ಅರಿವೆಯಲ್ಲಿ ಸುತ್ತಿಟ್ಟ ಬೆಣ್ಣೆಯ ಹಾಗಿತ್ತು. ತನ್ನ ಹಿಮ್ಮಡಿಯ ಬಿರುಕಿನಲ್ಲಿ ಸೀರೆಯ ನೂಲು ಸಿಕ್ಕಿಕೊಳ್ಳುತ್ತಿತ್ತು. ನೆಲ ಎಲ್ಲರಿಗೂ ಒಂದೇ ಅಲ್ಲವೇ, ಇವಳು ಯಾವುದರ ಮೇಲೆ ನಡೆದಳು ಇಷ್ಟು ವರ್ಷ?

“ಅಲ್ಲೇ ಎಷ್ಟೊತ್ತು ತಿಕ್ತೀರಿ? ಚರ್ಮ ಎದ್ದುಬರುತ್ತೆ.”

“ಬರಲ್ಲ ಬಿಡಿ. ಗಟ್ಟಿ ಹಾಲು ಕುಡಿದ ಚರ್ಮ.”

“ಕಣ್ಣು ಹಾಕ್ಬೇಡಿ ಬೀಗ್ತಿ.”

“ಹಾಕಿದ್ರೆ ಕಣ್ಣಿಗೂ ಬಿಲ್ ಮಾಡ್ತೀರಾ?”

ಹೀಗೆ ನಡೆಯುತ್ತಿತ್ತು.

ಅಡುಗೆಮನೆಗೂ ಕಿಟಕಿಯ ಕೋಣೆಗೂ ನಡುವೆ ಒಂದೇ ಗೋಡೆ. ಕಸರತ್ತಿನ ಹುಡುಗಿಯ ದನಿ ಆ ಗೋಡೆಗೆ ಲೆಕ್ಕಕ್ಕಿರಲಿಲ್ಲ. “ಕಾಲು ನೆಟ್ಟಗೆ ಅಜ್ಜಿ, ಮಂಡಿ ಮಡಿಸ್ಬಾರ್ದು. ಎತ್ತಿ. ಹಿಡೀರಿ, ಹಿಡೀರಿ, ಹಿಡೀರಿ. ನಿಧಾನ ಇಳಿಸಿ. ಈಗ ಪಕ್ಕಕ್ಕೆ.”

ಬಾಣಲೆಯ ಮುಂದೆ ನಿಂತಿದ್ದ ಕಾಜಮ್ಮ ಸೌಟು ಕೆಳಗಿಟ್ಟಳು. ಹುಡುಗಿಯ ಟೈಮು ಬೀಗಿತ್ತಿಯದು. ಗೋಡೆ ದಾಟಿ ಬಂದ ದನಿ ಯಾರದು? ಒಲೆಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲು ನೆಟ್ಟಗೆ ಮಾಡಿ, ಎತ್ತಿದಳು. ಗೇಣುದ್ದ ಎದ್ದಿತು. “ಹಿಡೀರಿ” ಎಂದಿತು ಗೋಡೆ. ತೊಡೆ ನಡುಗಿತು. ಸಾಸಿವೆ ಸೀದು ಹೋಯಿತು.

ಹೆಡ್‌ಕ್ಲರ್ಕ್ ಇದನ್ನೆಲ್ಲ ಮಲಗಿಕೊಂಡು ಮಾಡುತ್ತಿದ್ದಾಳೆಂದು ಕಾಜಮ್ಮನಿಗೆ ತಿಳಿಯುವುದಾದರೂ ಹೇಗೆ? ಬಾಗಿಲು ಮುಚ್ಚಿತ್ತು. ಕಾಲು ಎತ್ತಿ ಎಂದರೆ ನಿಂತವರಿಗೆ ತಾನೇ ಹೇಳುವುದು ಎಂದುಕೊಂಡಳು. ಇನ್ನು ಆ ಅಡುಗೆಮನೆಯಲ್ಲಿ ಮಲಗಬೇಕೆಂದರೆ ತಲೆ ಸಿಂಕಿನ ಕೆಳಗೆ, ಕಾಲು ಬಾಗಿಲಾಚೆ. ಒಂದು ಕಾಲಿನ ಮೇಲೆ ಇಡೀ ಮೈಭಾರ ಹೊತ್ತು ಇನ್ನೊಂದನ್ನು ಎತ್ತುತ್ತಾ, ಅವಳು ಬೀಗಿತ್ತಿಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಳು. ಮುರಿದ ಸೊಂಟ ಇಟ್ಟುಕೊಂಡು ಆ ಹೆಂಗಸು ಇಷ್ಟು ಮಾಡುತ್ತಾಳಲ್ಲ! ಮೆಚ್ಚಿಕೊಂಡದ್ದಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು. ಅವಳಿಗಿಂತ ಒಂದು ಸಲ ಹೆಚ್ಚು ಎತ್ತಿದಳು.

ಹುಡುಗಿ ಬರದ ದಿನವೂ ಅಕ್ಕಿ ತೊಳೆಯುವಾಗ, ಕುಕ್ಕರ್ ಕೂಗುವುದನ್ನು ಕಾಯುವಾಗ ಎತ್ತಿದಳು. ಮೊದಲ ವಾರ ನೋವು ಹೆಚ್ಚಾಯಿತು. ಎರಡನೇ ವಾರ ಹಾಗೇ ಇತ್ತು. ಅದಾದ ಮೇಲೊಂದು ದಿನ ನೆಲ ಒರೆಸಿ, ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋಗಿ ನೀರು ಚೆಲ್ಲಿದ ಮೇಲೆ ಅವಳಿಗೆ ಹೊಳೆಯಿತು, ಏಳುವಾಗ ತಾನು ಯಾರನ್ನೂ ಕೂಗಲಿಲ್ಲ.

ಹೆಡ್‌ಕ್ಲರ್ಕ್ ಕೂಡ ಅದನ್ನು ಹಾಸಿಗೆಯಿಂದಲೇ ನೋಡಿದ್ದಳು. ಮಲಗಿದವರಿಗೆ ನೋಡುವುದು ಬಿಟ್ಟು ಬೇರೆ ಕೆಲಸವೇನು? ಅವಳ ಕಸರತ್ತು ಮುಂದೆ ಸಾಗುತ್ತಿರಲಿಲ್ಲ. ಕಾಲು ಎರಡು ಬೆರಳು ಎತ್ತಿ “ಅಯ್ಯೋ” ಎನ್ನುತ್ತಿದ್ದಳು. ಹುಡುಗಿ ಎಣಿಸುತ್ತಿದ್ದಳು, ಕಾಲು ಹಾಸಿಗೆಯ ಮೇಲೇ ಇರುತ್ತಿತ್ತು. ವಾಕರ್ ಗೋಡೆಗೆ ಒರಗಿಕೊಂಡಿತ್ತು. ಅದರ ಮೇಲೆ ಟವೆಲ್ ಒಣಗುತ್ತಿತ್ತು.

“ನಾಲ್ಕು ಹೆಜ್ಜೆ ಇಡಿ ಅಜ್ಜಿ, ನಾನು ಹಿಡ್ಕೋತೀನಿ.”

“ನಾಳೆ.”

“ನಾಳೆ ನಾನು ಬರಲ್ಲ, ನಾಡಿದ್ದು.”

“ಹಾಗಾದ್ರೆ ನಾಡಿದ್ದು.”

ಅವಳಿಗೆ ಹಾಸಿಗೆಯಿಂದ ಕೇಳಿಸುತ್ತಿದ್ದುದು ಬೇರೆಯದೇ ಮನೆ. ಅಡುಗೆಮನೆಯಲ್ಲಿ ಮೊಮ್ಮಗಳು ನಗುತ್ತಿದ್ದಳು. ತನ್ನ ಬಳಿ ಬಂದರೆ “ಹೇಗಿದೀಯ ಕ್ಲರ್ಕಜ್ಜಿ” ಎಂದು ಕೇಳಿ, ಉತ್ತರ ಬರುವ ಮೊದಲೇ ಮೊಬೈಲ್ ನೋಡುವ ಹುಡುಗಿ, ಅಲ್ಲಿ ಕಟ್ಟೆಯ ಮೇಲೆ ಹತ್ತಿ ಕೂತು ಕಾಜಮ್ಮನ ಜೊತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಗಳು ಕೆಲಸದಿಂದ ಬಂದು ಮೊದಲು ಹೋಗುವುದೂ ಅಡುಗೆಮನೆಗೇ. ಪೆನ್ಷನ್ ತನ್ನದು, ನಗು ಅವಳದು.

“ಏನೇ ಅದು, ದಿನಾ ನಗ್ತೀರಾ?” ಎಂದು ಒಂದು ಸಂಜೆ ಮೊಮ್ಮಗಳನ್ನು ಹಿಡಿದು ಕೇಳಿದಳು.

“ಏನಿಲ್ಲ ಕ್ಲರ್ಕಜ್ಜಿ. ಕಾಜಜ್ಜಿ ಡಾನ್ಸ್ ಮಾಡ್ತಾಳೆ.”

“ಡಾನ್ಸಾ?”

“ನಿನ್ನ ಕಸರತ್ತೇ. ನೀನು ಇಲ್ಲಿ ಮಾಡ್ದಾಗ ಅವಳು ಅಲ್ಲಿ ಮಾಡ್ತಾಳೆ. ನಿಂತ್ಕೊಂಡೇ! ಹೇಳ್ಬೇಡ ಅಂದಿದಾಳೆ, ನೀನು ಹೇಳ್ಬೇಡ ಹಾಂ.”

ಆ ಸಂಜೆ ಹೆಡ್‌ಕ್ಲರ್ಕ್ ನೀಲಿ ಹಾಲು ಮುಟ್ಟಲಿಲ್ಲ. ಎದೆ ಉರಿ ಎಂದಳು. ಮಗಳು ಮಾತ್ರೆ ತಂದುಕೊಟ್ಟಳು. ಆ ಉರಿಗೆ ಮಾತ್ರೆ ಇರಲಿಲ್ಲ.

ಕಸರತ್ತಿನ ಹುಡುಗಿ ಮತ್ತೆ ಬಂದ ದಿನ ಹೆಡ್‌ಕ್ಲರ್ಕ್ ದಿಂಬಿಗೆ ಒರಗಿ ಕಾಯುತ್ತಿದ್ದಳು. ಮನೆಯಲ್ಲಿ ಕಾಜಮ್ಮ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

“ಶುರು ಮಾಡೋಣ್ವಾ ಅಜ್ಜಿ?”

“ನೀನು ಎಣಿಸು. ಜೋರಾಗಿ ಎಣಿಸು. ನಿಲ್ಲಿಸ್ಬೇಡ. ಆ ಟವೆಲ್ ತೆಗೆದು ಅದನ್ನ ಇಲ್ಲಿ ಕೊಡು.”

“ಯಾವುದನ್ನ?”

“ಆ ಕಬ್ಬಿಣದ್ದನ್ನ! ಎಣಿಸು ಅಂದ್ನಲ್ಲ.”

ಹುಡುಗಿ ವಾಕರ್ ಕೊಟ್ಟಳು. ಎಣಿಸಿದಳು. “ಎತ್ತಿ, ಹಿಡೀರಿ, ಹಿಡೀರಿ...” ಹೇಳುತ್ತಾ ಹೇಳುತ್ತಾ ಅವಳ ಕಣ್ಣು ದೊಡ್ಡದಾಯಿತು. ಇಷ್ಟು ವಾರ ನಾಳೆ ನಾಡಿದ್ದು ಎಂದ ಹೆಂಗಸು ಹಲ್ಲು ಕಚ್ಚಿ ಎದ್ದು ನಿಂತಿದ್ದಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಹುಡುಗಿ ಅವಳ ಸೊಂಟದ ಹಿಂದೆ ಕೈ ಹಿಡಿದುಕೊಂಡು, “ನಿಧಾನ ಇಳಿಸಿ, ಈಗ ಪಕ್ಕಕ್ಕೆ” ಎಂದು ಗೋಡೆಗೆ ಹೇಳುತ್ತಾ ಜೊತೆಗೆ ನಡೆದಳು. ಬಾಗಿಲು. ನಡುವಿನ ಜಾಗ. ಅಡುಗೆಮನೆಯ ಹೊಸ್ತಿಲು.

ಕಾಜಮ್ಮ ಬೆನ್ನು ಹಾಕಿ ನಿಂತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬಲಗಾಲು ಪಕ್ಕಕ್ಕೆ, ಗಾಳಿಯಲ್ಲಿ, ತಕ್ಕಡಿಯ ದಂಡಿಯ ಹಾಗೆ ನೆಟ್ಟಗೆ ನಿಂತಿತ್ತು. ಒಲೆಯ ಮೇಲೆ ಹಾಲು ಬಿಸಿಯಾಗುತ್ತಿತ್ತು.

“ಬೀಗ್ತಿ! ಯಾರ ದುಡ್ಡಲ್ಲಿ ಕುಣೀತಿದೀರಿ?”

ಕಾಲು ಕೆಳಗಿಳಿಯಿತು. ಕಾಜಮ್ಮ ತಿರುಗಿದಳು. ಮೊದಲು ಅವಳು ನೋಡಿದ್ದು ಹೆಡ್‌ಕ್ಲರ್ಕಿನ ಕಾಲನ್ನು. ನೆಲದ ಮೇಲಿತ್ತು.

“ನಡೆದುಬಿಟ್ರಲ್ರೀ!”

“ಮಾತು ತಿರುಗಿಸ್ಬೇಡಿ. ಇದು ನನ್ನ ಕಸರತ್ತು. ನನ್ನ ಪೆನ್ಷನ್ನಿಂದ ನಿಮ್ಮ ಮಂಡಿ ರಿಪೇರಿ ಮಾಡ್ಕೊಂಡಿದೀರಿ. ಕಳ್ಳಿ!”

“ಏನು ಕದ್ದೆ? ನಿಮ್ಮ ಹುಡುಗಿ ಹಾಗೇ ಇದಾಳೆ. ನಿಮ್ಮ ಗೋಡೆ ಹಾಗೇ ಇದೆ. ನೀವು ಎತ್ತಬೇಕಾದಷ್ಟು ಕಾಲು ನಾನು ಎತ್ತಿ ಖಾಲಿ ಮಾಡ್ಲಿಲ್ಲವಲ್ಲ!”

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ.”

“ನನಗೆ ಹಾಸಿಗೇನೇ ಉಳಿಸ್ತಿಲ್ಲ ನೀವೆಲ್ಲ ಸೇರಿ. ಅದಕ್ಕೇ ನಿಂತ್ಕೊಂಡು ಎತ್ತಿದೆ.”

“ನಿಂತ್ಕೊಂಡು ಮಾಡ್ತಿದ್ರಾ?” ಎಂದಳು ಕಸರತ್ತಿನ ಹುಡುಗಿ. “ಶುರುವಿಂದ್ಲೂ?”

“ಮತ್ತೆ ಇನ್ನು ಹೇಗೆ ಮಾಡೋದು?”

“ಅದು ಮಲಗಿಕೊಂಡು ಮಾಡೋದು ಅಜ್ಜಿ! ನಿಂತ್ಕೊಂಡು ಮಾಡೋದು ಆಮೇಲಿನ ಪಾಠ. ಅಲ್ಲಿಗೆ ನಾವಿನ್ನೂ ಬಂದೇ ಇಲ್ಲ.”

ಕಾಜಮ್ಮ ಬೀಗಿತ್ತಿಯ ಮುಖ ನೋಡಿದಳು. ಇಷ್ಟು ವಾರ ಆ ಮುರಿದ ಸೊಂಟದ ಮೇಲೆ ಇಟ್ಟಿದ್ದ ಮೆಚ್ಚುಗೆಯೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು.

“ಮಲಗಿಕೊಂಡಾ?” ಎಂದಳು.

ಹೆಡ್‌ಕ್ಲರ್ಕಿಗೆ ಆ ಒಂದು ಪದ ಇಡೀ ಜಗಳಕ್ಕಿಂತ ಆಳಕ್ಕೆ ನಾಟಿತು. ಹುಡುಗಿಯ ಕಡೆ ತಿರುಗಿ, “ಅವಳಿಗೆ ಆಮೇಲಿನ ಪಾಠ, ನನಗೆ ಮಾತ್ರ ಮೊದಲ್ನೇ ಪಾಠನಾ? ದುಡ್ಡು ಕೊಡೋಳು ನಾನು!” ಎಂದಳು. ಅಷ್ಟರಲ್ಲಿ ನೀಲಿ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು.

ಸಂಜೆ ಮಗ, ಸೊಸೆ ಬಂದಾಗ ಹೆಡ್‌ಕ್ಲರ್ಕ್ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದಳು. ಸೊಸೆ ಬ್ಯಾಗ್ ಅಲ್ಲೇ ಬಿಟ್ಟು ತಾಯಿಯ ಮುಂದೆ ಮಂಡಿಯೂರಿ ಅತ್ತಳು. “ನಡೆದ್ಯಾ ಅಮ್ಮ? ನೀನೇ ನಡೆದ್ಯಾ?”

“ಹೊಟ್ಟೆಕಿಚ್ಚು ನಡೆಸ್ತು,” ಎಂದಳು ಕಾಜಮ್ಮ ಚಪಾತಿ ಬೇಯಿಸುತ್ತಾ. “ಔಷಧಿ ಅಂಗಡೀಲಿ ಅದನ್ನೇ ಮಾರು.”

ಎಲ್ಲವೂ ಹೊರಬಿತ್ತು. ಹೆಡ್‌ಕ್ಲರ್ಕ್ ದೂರು ಕೊಟ್ಟಳು, ಮೊಮ್ಮಗಳು ಕಾಜಜ್ಜಿಯ ಹಾಗೆ ಕಾಲೆತ್ತಿ ತೋರಿಸಿದಳು. ಮಗ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತ.

“ಮಂಡಿ ಅಷ್ಟು ನೋಯ್ತಿತ್ತು ಅಂತ ನನಗೆ ಯಾಕೆ ಹೇಳ್ಲಿಲ್ಲಮ್ಮ?”

“ಹೇಳಿದ್ರೆ? ನೀನು ಮಜ್ಜಿಗೆ ಬಡಿಸ್ಕೋತಿದ್ದೆ.”

ಅವನು ಮಜ್ಜಿಗೆಯ ಪಾತ್ರೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಹಾಗಾದ್ರೆ ಆಯಾ ಬೇಕಾ, ಬೇಡ್ವಾ?” ಎಂದಳು ಸೊಸೆ, ಕಣ್ಣೊರೆಸಿಕೊಂಡು. “ಏಜೆನ್ಸಿಯವರಿಗೆ ನಾಳೆ ಹೇಳ್ಬೇಕು.”

ಕಾಜಮ್ಮನ ಕೈಯಲ್ಲಿ ಚಪಾತಿ ತಿರುಗದೆ ನಿಂತಿತು. ಬೀಗಿತ್ತಿ ನಡೆದರೆ ಆಯಾ ಬೇಡ. ಆಯಾ ಬೇಡವಾದರೆ ಮಂಚ ಉಳಿಯಿತು. ಆದರೆ ಸಂಬಳ ಕೊಡುವವಳು ಹೆಡ್‌ಕ್ಲರ್ಕ್. ಬೇಕು ಎಂದರೆ ಬೇಕು.

“ಬೇಡ,” ಎಂದಳು ಹೆಡ್‌ಕ್ಲರ್ಕ್. “ಇವ್ರ ಮಂಚ ನನ್ನ ರೂಮಿಗೆ ಹಾಕಿ.”

“ಏನಮ್ಮ?”

“ನನ್ನ ಬೆನ್ನ ಹಿಂದೆ ಎಷ್ಟು ಎತ್ತುತಾರೆ ಅಂತ ನನಗೆ ಗೊತ್ತಾಗ್ಬೇಕು. ಎತ್ತೋದಾದ್ರೆ ಕಣ್ಣೆದುರಿಗೆ ಎತ್ಲಿ.”

“ಕಿಟಕಿ ಕಡೆ ಹಾಕಿದ್ರೆ ಬರ್ತೀನಿ,” ಎಂದಳು ಕಾಜಮ್ಮ. ಚಪಾತಿ ತಿರುಗಿತು.

“ಕಿಟಕಿ ನನ್ನದು.”

“ಹಾಗಾದ್ರೆ ಮಗಳ ಮನೆಗೆ ಹೋಗ್ತೀನಿ. ನೀವು ಆಯಾ ಗೊರಕೆ ಕೇಳ್ಕೊಂಡು, ಮಲಗಿಕೊಂಡೇ ಕಾಲೆತ್ತುತಿರಿ.”

ಭಾನುವಾರ ಮಗ ಟೇಪ್ ಹಿಡಿದು ಅಳತೆ ಮಾಡಿದ. ಕಬ್ಬಿಣದ ಹಗ್ಗಗಳಿಗೆ ಲಿಫ್ಟಿನ ತೊಟ್ಟಿಲು ಕೂಡಿಸುವವನಿಗೆ ಎರಡು ಮಂಚ ಕೂಡಿಸುವುದು ಅಷ್ಟು ಕಷ್ಟವಾಗಲಿಲ್ಲ. ಮೂಲೆಯಲ್ಲಿದ್ದ ಕಮೋಡಿನ ಕುರ್ಚಿ ಹೊರಗೆ ಹೋಯಿತು. ಮಂಚಗಳನ್ನು ಅಕ್ಕಪಕ್ಕ ಇಟ್ಟು, ಇಬ್ಬರ ಕಾಲೂ ಕಿಟಕಿಯ ಕಡೆ ಬರುವಂತೆ ಹಾಕಿದ. ಮುಂದಿನ ಕೋಣೆ ಪೂರ್ತಿ ತನಗೇ ಸಿಕ್ಕಿತೆಂದು ಮೊಮ್ಮಗಳು ಚಪ್ಪಲಿ ಸ್ಟ್ಯಾಂಡಿನ ಮೇಲೂ ಪುಸ್ತಕ ಜೋಡಿಸಿದಳು. ಹಾಲಿನ ಪ್ಯಾಕೆಟ್ಟುಗಳು ಮಾತ್ರ ಎರಡು ಬಣ್ಣದವೇ ಬಂದವು. ಕಾಜಮ್ಮ ಈಗ ಕೆನೆಯನ್ನು ಒಲೆಯ ಕಡೆ ಮುಖ ಮಾಡದೆ ತಿನ್ನುತ್ತಿದ್ದಳು.

ಸೋಮವಾರ ಕಸರತ್ತಿನ ಹುಡುಗಿ ಬಂದು, ಎರಡು ಮಂಚ ನೋಡಿ, ಒಂದು ಗಳಿಗೆ ಬಾಗಿಲಲ್ಲೇ ನಿಂತಳು.

“ಇವರಿಗೂ ಹೇಳ್ಕೊಡ್ಲಾ ಅಜ್ಜಿ?”

“ನೀನು ನನಗೆ ಹೇಳು. ಕೇಳಿಸಿದ್ರೆ ಕೇಳಿಸ್ಕೊಳ್ಳಲಿ,” ಎಂದಳು ಹೆಡ್‌ಕ್ಲರ್ಕ್.

“ಸರಿ. ಇಬ್ರೂ... ನೀವು ಮಲಗಿ. ಕಾಲು ನೆಟ್ಟಗೆ. ಎತ್ತಿ.”

ಕಾಜಮ್ಮ ಹಗಲು ಹೊತ್ತಿನಲ್ಲಿ ಹಾಸಿಗೆಯ ಮೇಲೆ ಬೆನ್ನು ಚಾಚಿ ಎಷ್ಟು ಕಾಲವಾಗಿತ್ತೋ. ಕಿಟಕಿಯ ಕಂಬಿಗಳ ಆಚೆ ಎದುರು ಮನೆಯ ತಾರಸಿ, ತಂತಿಯ ಮೇಲೆ ಯಾರದೋ ಶರ್ಟುಗಳು. ಅಷ್ಟು ದೂರದಿಂದಲೂ ಅವುಗಳ ಕಾಜಾ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ಎಂದು ಅವಳ ಕಣ್ಣು ಹುಡುಕಿತು. ಕಾಲು ಎತ್ತಿದಳು. ಒಲೆಯ ಕಟ್ಟೆ ಇಲ್ಲ, ಮೈಭಾರ ಇಲ್ಲ, ಸೀಯುವ ಸಾಸಿವೆ ಇಲ್ಲ. ಕಾಲು ತಾನಾಗಿ, ಹೊಗೆ ಏಳುವ ಹಾಗೆ ಎದ್ದಿತು. ಪಕ್ಕದ ಮಂಚದ ಮೇಲೆ ಬೆಣ್ಣೆಯಂಥ ಹಿಮ್ಮಡಿಯೊಂದು ನಡುಗುತ್ತಾ ಅರ್ಧ ದಾರಿಯಲ್ಲಿತ್ತು. ಹೆಡ್‌ಕ್ಲರ್ಕಿನ ಹಣೆಯಲ್ಲಿ ಬೆವರು ಮೂಡಿತ್ತು.

“ಇಷ್ಟೇನಾ?” ಎಂದಳು ಕಾಜಮ್ಮ.

ಹೆಡ್‌ಕ್ಲರ್ಕ್ ಕಾಲು ಇಳಿಸಿದಳು. ಮೊಣಕೈ ಊರಿ ಎದ್ದು ಕೂತಳು. ವಾಕರಿನ ಕಡೆ ಕೈ ಚಾಚಿದಳು. ಅದು ಎಟುಕಲಿಲ್ಲ.

“ನನ್ನನ್ನ ನಿಲ್ಲಿಸಮ್ಮ,” ಎಂದಳು ಹುಡುಗಿಗೆ.

“ಇಷ್ಟು ಬೇಗ ಬೇಡ ಅಜ್ಜಿ, ಡಾಕ್ಟರು ನೋಡ್ಲಿ...”

“ನಿಲ್ಲಿಸು ಅಂದೆ.”

ಕಾಜಮ್ಮ ಏನನ್ನೂ ಹಿಡಿಯದೆ ಎದ್ದಳು, ವಾಕರ್ ತಂದು ಬೀಗಿತ್ತಿಯ ಮುಂದಿಟ್ಟಳು. ಅದರ ಇನ್ನೊಂದು ಬದಿಯನ್ನು ತಾನು ಗಟ್ಟಿಯಾಗಿ ಹಿಡಿದು, ಎದುರಿಗೆ ನಿಂತಳು.

“ಬಿಡಿ ಅದನ್ನ.”

“ಬಿಟ್ರೆ ಬೀಳ್ತೀರಿ.”

“ನೀವು ಹಿಡ್ಕೊಂಡಿದ್ದಕ್ಕೇ ನಾನು ನಿಂತೆ ಅಂತೀರಿ ಆಮೇಲೆ.”

“ಅಂತೀನಿ,” ಎಂದಳು ಕಾಜಮ್ಮ. “ಏಳಿ.”